ಕಂಪನಿಯ ಕಾಗದಗಳು

ಕಂಪನಿಯೆಂದರೆ ದೊಡ್ಡ ಪಟ್ಟಣದ ಧನಿಕರಿಗೆ ಮಾತ್ರ ಸೇರಿದುದೆಂದು ನಮ್ಮ ಗೃಹಸ್ಥರಲ್ಲಿ ಅನೇಕರು ತಿಳಿದಿರುವರು. 2013ನೆಯ ಇಸವಿಯ ಕಂಪನಿ ಕಾಯಿದೆಯಂತೆ ಇಬ್ಬರು ಸದಸ್ಯರೂ ಇಬ್ಬರು ನಿರ್ದೇಶಕರೂ ಇದ್ದರೆ ಖಾಸಗಿ ಕಂಪನಿಯನ್ನು ಸ್ಥಾಪಿಸಬಹುದು. ಆ ಇಬ್ಬರೇ ಸದಸ್ಯರೂ ನಿರ್ದೇಶಕರೂ ಆಗಬಹುದು. ಇಂತಿಷ್ಟು ಮೂಲಧನವಿರಲೇಬೇಕೆಂಬ ಕಟ್ಟಳೆಯು 2015ರಲ್ಲಿ ರದ್ದಾಯಿತು.

ಈಚೆಗೆ ನಮ್ಮ ಹಳೆಯ ಶಿಷ್ಯನೊಬ್ಬನು, ತಾನೂ ತನ್ನ ತಮ್ಮನೂ ನಡೆಸುತ್ತಿದ್ದ ಹಪ್ಪಳ ಉಪ್ಪಿನಕಾಯಿಗಳ ವ್ಯಾಪಾರವನ್ನು ಕಂಪನಿಯನ್ನಾಗಿ ಮಾಡಲೆಳಸಿ, ಕಾಗದಗಳ ಕಟ್ಟನ್ನು ನಮ್ಮಲ್ಲಿಗೆ ತಂದನು. ಜತೆಯಲ್ಲಿ ಅವನ ತಾಯಿಯೂ ಬಂದಿದ್ದರು. "ಮೇಷ್ಟ್ರೇ, ಎರಡು ಕಡೆ ನನ್ನ ರುಜು ಬೇಕಂತೆ. ಎರಡೂ ಮನೆಯ ವಿಷಯವೇ ಅಂತಾನೆ. ಸ್ವಲ್ಪ ಓದಿ ಹೇಳಿ" ಎಂದರು.

ಆ ಕಟ್ಟಿನಲ್ಲಿ ಪ್ರಧಾನವಾದುವು ಎರಡು. ಕಂಪನಿಯ ಹೆಸರು, ಕಚೇರಿಯಿರುವ ರಾಜ್ಯ, ಉದ್ದೇಶ, ಸದಸ್ಯರ ಹೊಣೆ, ಬಂಡವಾಳ ಇವುಗಳನ್ನು ಹೇಳುವುದು ಮೆಮೊರಾಂಡಂ. ಸಭೆ, ಷೇರುಗಳ ವರ್ಗಾವಣೆ, ನಿರ್ದೇಶಕರ ಅಧಿಕಾರ ಮೊದಲಾದ ಒಳಾಡಳಿತವನ್ನು ಹೇಳುವುದು ಆರ್ಟಿಕಲ್ಸ್. ಕೂಡಿ ಮಾಡುವ ವ್ಯವಹಾರವನ್ನು ನಮ್ಮ ಸ್ಮೃತಿಕಾರರು 'ಸಂಭೂಯ ಸಮುತ್ಥಾನ'ವೆಂದು ಕರೆದು, ಲಾಭದಂತೆ ನಷ್ಟವನ್ನೂ ಪಾಲಿಗೆ ತಕ್ಕಂತೆ ಹಂಚಿದರು. ಷೇರುಗಳಿಂದ ಮಿತವಾದ ಕಂಪನಿಯಲ್ಲಾದರೋ ಸದಸ್ಯನು ತನ್ನ ಷೇರಿನ ಹಣವನ್ನು ಪೂರ್ತಿ ಕೊಟ್ಟಿದ್ದರೆ ಕಂಪನಿಯ ಸಾಲವು ಅವನ ಮನೆಬಾಗಿಲಿಗೆ ಬಾರದು. ಇದೊಂದು ಲಾಭಕ್ಕಾಗಿಯೇ ಜನರು ಇಷ್ಟು ಕಾಗದಗಳ ತೊಂದರೆಯನ್ನು ಸಹಿಸುವರೆಂದು ನಮ್ಮ ಎಣಿಕೆ. ಪ್ಯಾನ್, ಗುರುತಿನ ಮತ್ತು ವಾಸದ ದಾಖಲೆಗಳು, ಘೋಷಣಾಪತ್ರ ಮುಂತಾದುವು ಉಳಿದ ಪರಿವಾರ. ಅರ್ಜಿಯೆಲ್ಲವೂ ಈಗ ಅಂತರ್ಜಾಲದ ಮೂಲಕವೇ ಹೋಗುವುದು.

ತಾಯಿಯವರ ಮೊದಲನೆಯ ಕಾಗದವು, ಮನೆಯ ವಿಳಾಸವನ್ನು ಕಂಪನಿಯ ಕಚೇರಿಯಾಗಿ ಬಳಸಲು ಆಕ್ಷೇಪಣೆಯಿಲ್ಲವೆಂಬ ಒಪ್ಪಿಗೆ. ಇದಕ್ಕೆ ಎರಡು ತಿಂಗಳಿಗಿಂತ ಹಳೆಯದಲ್ಲದ ವಿದ್ಯುತ್ ಬಿಲ್ಲನ್ನೋ ಅಂತಹ ಬೇರೊಂದು ಬಿಲ್ಲನ್ನೋ ಲಗತ್ತಿಸತಕ್ಕದ್ದು. ಇದರಿಂದ ಮನೆಯ ಒಡೆತನವು ಕಂಪನಿಗೆ ಹೋಗುವುದಿಲ್ಲ. ಎರಡನೆಯದು ಮನೆಯ ವಿಷಯವೇ ಅಲ್ಲ! ಆಕೆಯು ನಿರ್ದೇಶಕಿಯಾಗಲು ಕೊಡುವ ಸಮ್ಮತಿ. ನಿರ್ದೇಶಕರು ಹೆಸರಿಗೆ ಮಾತ್ರ ಇರುವವರಲ್ಲ. ಕಂಪನಿಯು ಒಂದೇ ಸಮನೆ ಮೂರು ವರ್ಷ ಲೆಕ್ಕಪತ್ರಗಳನ್ನು ಸಲ್ಲಿಸದಿದ್ದರೆ ಅವರು ಐದು ವರ್ಷ ಆ ಪದವಿಗೆ ಅನರ್ಹರಾಗುವರು. ಸಾಲ ಕೊಡುವಾಗ ಬ್ಯಾಂಕುಗಳು ಅವರ ಸ್ವಂತ ಜಾಮೀನನ್ನು ಕೇಳುವುದೂ ಉಂಟು.

ಶಿಷ್ಯನ ಮುಖ ಬಾಡಿತು. "ಕಾಗದ ಬರೆದವರು ಕೊಟ್ಟದ್ದನ್ನು ಓದದೆ ತಂದೆನು, ಸಾರ್" ಎಂದನು. ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆ ಬಳಸಿಕೊಳ್ಳಲಿ. ಆ ಪದವಿ ನನಗೆ ಬೇಡಪ್ಪ" ಎಂದು ಮೊದಲನೆಯದಕ್ಕೆ ಮಾತ್ರ ರುಜು ಮಾಡಿದರು. ಅಣ್ಣತಮ್ಮಂದಿರಿಬ್ಬರೇ ನಿರ್ದೇಶಕರಾದರು.

ನೋಂದಣಿಯ ಪತ್ರವು ಬಂದಿದೆ. ಷೇರಿನ ಹಣವು ಸಂದಿತೆಂಬ ಘೋಷಣೆಯನ್ನು 180 ದಿನಗಳೊಳಗೆ ಸಲ್ಲಿಸಿದ ಮೇಲೆಯೇ ಕಂಪನಿಯು ವ್ಯಾಪಾರಕ್ಕೆ ತೊಡಗಬೇಕು. ಅದಕ್ಕೆ ಸಿದ್ಧತೆ ನಡೆದಿದೆ. ಕಚೇರಿಯ ಹೊರಗಿನ ಹಲಗೆಯಲ್ಲಿ ಆ ಪ್ರದೇಶದ ಲಿಪಿಯೂ ಇರಬೇಕೆಂದು ಕಾಯಿದೆಯೇ ವಿಧಿಸಿರುವುದರಿಂದ, ಅದರ ಕನ್ನಡವನ್ನು ತಿದ್ದಿಕೊಡುವ ಕೆಲಸವು ನಮ್ಮ ಪಾಲಿಗೆ ಬಂದಿತು.