ಬೆರಳು ತಡೆದು ನಿಲ್ಲಬೇಕಾದ ಕಡೆ

ಸಂಜೆ ಆರು ದಾಟಿದರೆ ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆ ಬಸ್ ಸ್ಟಾಪಿನ ಸುತ್ತ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದವರ ದಟ್ಟಣೆ. ಎಳನೀರು ಗಾಡಿಯವರ ಒಂದು ಕೈಯಲ್ಲಿ ಮಚ್ಚು, ಇನ್ನೊಂದರಲ್ಲಿ ಕಾಯಿ, ಕಣ್ಣು ಮಚ್ಚಿನ ಅಂಚಿನ ಮೇಲೆ. ಗಿರಾಕಿ ಸ್ಕ್ಯಾನ್ ಮಾಡುತ್ತಾರೆ. ಗಾಡಿಗೆ ಕಟ್ಟಿದ ಪುಟ್ಟ ಡಬ್ಬಿ ‘ಅರವತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎನ್ನುತ್ತದೆ. ಗಾಡಿಯವರು ತಲೆ ಎತ್ತದೆ ಮುಂದಿನ ಕಾಯಿ ಕೆತ್ತುತ್ತಾರೆ.

ಆ ಡಬ್ಬಿಯೊಳಗೆ ಇರುವುದು ಒಂದು ಸಿಮ್, ಬ್ಯಾಟರಿ, ಸ್ಪೀಕರ್, ಸಣ್ಣ ಚಿಪ್. ಹಣ ಜಮೆಯಾದ ಸುದ್ದಿ ಮೊಬೈಲ್ ನೆಟ್‌ವರ್ಕ್ ಮೂಲಕ ಬಂದೊಡನೆ ಅದು ಮೊತ್ತವನ್ನು ಓದಿ ಹೇಳುತ್ತದೆ. ತಂತ್ರಜ್ಞಾನದ ದೃಷ್ಟಿಯಿಂದ ದೊಡ್ಡ ಸಾಧನೆಯೇನಲ್ಲ. ಯುಪಿಐ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. ಆರಂಭದ ವರ್ಷಗಳಲ್ಲಿ ವ್ಯಾಪಾರಿಗಳು ಎಸ್ಸೆಮ್ಮೆಸ್‌ಗೆ ಕಾಯಬೇಕಿತ್ತು, ಇಲ್ಲವೇ ಗಿರಾಕಿ ತೋರಿಸಿದ ಪರದೆಯನ್ನು ನಂಬಬೇಕಿತ್ತು. ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಜಾರಿಕೊಳ್ಳುವವರೂ ಇದ್ದರು. ಗಾಡಿಯ ಹಿಂದೆ ನಿಂತವರಿಗೆ ಕೈ, ಕಣ್ಣು ಎರಡಕ್ಕೂ ಬಿಡುವಿಲ್ಲ, ಕಿವಿಗೆ ಮಾತ್ರ ಬಿಡುವಿದೆ ಎಂಬುದನ್ನು ಯಾರೋ ಗಮನಿಸಿದರು. ಯುಎಕ್ಸ್ ಡಿಸೈನ್, ಅಂದರೆ ಬಳಸುವವರ ಅನುಭವವನ್ನು ರೂಪಿಸುವ ವಿದ್ಯೆ, ಇಂಥ ಗಮನದಿಂದಲೇ ಹುಟ್ಟುತ್ತದೆ.

ಯುಎಕ್ಸ್ ಎಂಬ ಮಾತನ್ನು ಬಳಕೆಗೆ ತಂದ ಅಮೆರಿಕದ ಮನೋವಿಜ್ಞಾನಿ ಡಾನ್ ನಾರ್ಮನ್ 1988ರ ತಮ್ಮ ಪುಸ್ತಕದಲ್ಲಿ ಬಾಗಿಲು, ಒಲೆಯ ಗುಂಡಿಗಳನ್ನೇ ಉದಾಹರಣೆಯಾಗಿ ಹಿಡಿದು ಒಂದು ವಿಷಯ ಒತ್ತಿ ಹೇಳಿದರು: ಮಾಡಿದ ಕೆಲಸ ಆಯಿತೋ ಇಲ್ಲವೋ ಎಂದು ವಸ್ತು ತಾನಾಗಿ ತಿಳಿಸಬೇಕು. ಇದೇ ಕ್ಷೇತ್ರದ ಜೇಕಬ್ ನೀಲ್ಸನ್ ಅದಕ್ಕೆ ಕಾಲದ ಲೆಕ್ಕ ಕೊಟ್ಟರು. ಉತ್ತರ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಬಂದರೆ ತಕ್ಷಣ ಬಂತೆನಿಸುತ್ತದೆ. ಒಂದು ಸೆಕೆಂಡಿನವರೆಗೂ ಯೋಚನೆಯ ಎಳೆ ಕಡಿಯುವುದಿಲ್ಲ. ಹತ್ತು ಸೆಕೆಂಡು ಮೀರಿದರೆ ಮನಸ್ಸು ಬೇರೆಡೆ ಹೋಗುತ್ತದೆ. ಎಳನೀರು ಗಾಡಿಯ ಮುಂದೆ ಆ ಹತ್ತು ಸೆಕೆಂಡಿನಲ್ಲಿ ಸಾಲು ಬೆಳೆದಿರುತ್ತದೆ.

ಹೀಗೆ ಅಡ್ಡಿಗಳನ್ನು ಕಿತ್ತುಹಾಕುವುದೇ ಒಳ್ಳೆಯ ಡಿಸೈನ್ ಎಂದು ಈ ಕ್ಷೇತ್ರ ಬಹುಕಾಲ ನಂಬಿತ್ತು. ಆ ನಂಬಿಕೆ ಎಷ್ಟು ಅಪಾಯದ್ದೆಂದು ಕರ್ನಾಟಕ 2018ರಲ್ಲಿ ಕಂಡಿತು.

ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸಂದೇಶಗಳು ಊರೂರಲ್ಲಿ ಹರಿದಾಡುತ್ತಿದ್ದ ಕಾಲ ಅದು. ದೇಶದಾದ್ಯಂತ ಹಬ್ಬಿದ ಒಂದು ವಿಡಿಯೊದಲ್ಲಿ ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ಮಾಡಿದ ಕಿರುಚಿತ್ರ. ಮಗುವನ್ನು ಮರಳಿ ಬಿಟ್ಟು ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಗುಂಪಿನ ಏಟಿಗೆ ಸತ್ತರು. ಕೊಂದವರ ಹೊಣೆಯನ್ನು ಯಾವ ಆ್ಯಪ್‌ನ ಮೇಲೂ ಹೊರಿಸಲಾಗದು. ಆದರೆ ಆ ಆ್ಯಪ್‌ನಲ್ಲಿ ಪ್ರತಿ ವಿಡಿಯೊದ ಪಕ್ಕದಲ್ಲೇ ಒಂದು ಬಾಣದ ಗುರುತಿತ್ತು. ವಿಡಿಯೊ ನೋಡಿ ಮುಗಿಸುವ ಮೊದಲೇ, ಗಾಬರಿ ಇಳಿಯುವ ಮೊದಲೇ, ಅದನ್ನೊತ್ತಿ ಹತ್ತಾರು ಗುಂಪುಗಳಿಗೆ ಕಳಿಸಬಹುದಿತ್ತು.

ಬೀದರ್ ಘಟನೆ ನಡೆದು ಒಂದು ವಾರಕ್ಕೆ ವಾಟ್ಸ್‌ಆ್ಯಪ್ ಭಾರತದ ಬಳಕೆದಾರರಿಗೆ ಆ ಬಾಣವನ್ನು ತೆಗೆಯುವುದಾಗಿ ಹೇಳಿತು. ಒಂದು ಸಲಕ್ಕೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಎಂಬ ಮಿತಿಯನ್ನೂ ಹಾಕಿತು. 2019ರ ಜನವರಿಯಲ್ಲಿ ಅದೇ ಮಿತಿ ಜಗತ್ತಿಗೆಲ್ಲ ಬಂತು. ಐದು ಅಂದರೆ ಕಡಿಮೆಯೇನಲ್ಲ: ಆಗ ಒಂದು ಗ್ರೂಪಿನಲ್ಲಿ 256 ಮಂದಿ ಇರಬಹುದಿತ್ತು, ಐದು ಗ್ರೂಪು ಎಂದರೆ 1280 ಮಂದಿ. ಬ್ರೆಜಿಲ್‌ನ ಮಿನಾಸ್ ಗೆರೈಸ್ ವಿಶ್ವವಿದ್ಯಾಲಯ ಮತ್ತು ಅಮೆರಿಕದ ಎಂಐಟಿಯ ಸಂಶೋಧಕರು 2019ರಲ್ಲಿ ಕಂಡುಕೊಂಡದ್ದೂ ಅದನ್ನೇ. ಮಿತಿಯಿಂದ ಸುಳ್ಳು ಹರಡುವುದು ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ನನ್ನ ದೃಷ್ಟಿಯಲ್ಲಿ ಆ ನಿಧಾನಕ್ಕೇ ಬೆಲೆ. ಶಾಲೆಯ ಮುಂದಿನ ಹಂಪ್ ಯಾವ ಗಾಡಿಯನ್ನೂ ತಡೆಯುವುದಿಲ್ಲ. ಆದರೂ ಮಗು ರಸ್ತೆ ದಾಟಲು ಬೇಕಾದ ಎರಡು ಕ್ಷಣ ಅದರಿಂದಲೇ ಸಿಗುತ್ತದೆ. ಪೊಲೀಸರು ‘ಇದು ಸುಳ್ಳು’ ಎಂದು ಪ್ರಕಟಣೆ ಹೊರಡಿಸುವುದಕ್ಕೂ ಗಂಟೆಗಳು ಬೇಕು. 2020ರ ಏಪ್ರಿಲ್‌ನಲ್ಲಿ, ಕೊರೊನಾ ವದಂತಿಗಳ ನಡುವೆ, ಬಹಳ ಸಲ ಫಾರ್ವರ್ಡ್ ಆದ ಸಂದೇಶವನ್ನು ಸಲಕ್ಕೆ ಒಂದೇ ಚಾಟ್‌ಗೆ ಕಳಿಸುವಂತೆ ಮಾಡಿದಾಗ ಅಂಥ ಸಂದೇಶಗಳ ಹರಿವು ಶೇ 70ರಷ್ಟು ತಗ್ಗಿತೆಂದು ಕಂಪನಿಯೇ ಹೇಳಿತು.

ಹಣದ ವಿಷಯದಲ್ಲೂ ಇಂಥದೇ ಪಾಠ ಸಿಕ್ಕಿತು, ಸ್ವಲ್ಪ ತಡವಾಗಿ. ಹಳೆಯ ಮಂಚ ಮಾರಲು ಆನ್‌ಲೈನ್‌ನಲ್ಲಿ ಹಾಕಿದವರಿಗೆ ಫೋನ್ ಬರುತ್ತಿತ್ತು: ‘ದುಡ್ಡು ಕಳಿಸಿದೀನಿ, ಪಿನ್ ಹಾಕಿ, ನಿಮ್ಮ ಅಕೌಂಟಿಗೆ ಬರುತ್ತೆ.’ ಬರುತ್ತಿದ್ದುದು ಹಣ ಕೇಳುವ ಕೋರಿಕೆ. ಪಿನ್ ಹಾಕಿದರೆ ಹಣ ಹೋಗುತ್ತಿತ್ತು. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕೇ ಇಲ್ಲ. ಇದನ್ನು ಎಷ್ಟು ಸಾರಿ ಸಾರಿದರೂ, ಗಡಿಬಿಡಿಯಲ್ಲಿರುವವರು ಪರದೆಯ ಇಂಗ್ಲಿಷನ್ನು ಓದುತ್ತಾ ಕೂರುವುದಿಲ್ಲ. ಕೊನೆಗೆ ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಕೋರಿಕೆ ಕಳಿಸುವ ಸೌಲಭ್ಯವನ್ನೇ ನಿಲ್ಲಿಸಿತು. ಮೋಸಹೋದವರನ್ನು ‘ಗೊತ್ತಾಗಲಿಲ್ಲವಾ?’ ಎಂದು ಬೈಯುವುದಕ್ಕಿಂತ ಇದು ಎಷ್ಟೋ ಮೇಲು.

ಇನ್ನೂ ತಡೆ ಬೀಳದಿರುವುದು ಕೊನೆಯಿಲ್ಲದ ಸ್ಕ್ರೋಲ್‌ಗೆ. ಮೊದಲು ಪುಟ ಮುಗಿದರೆ ‘ಮುಂದಿನ ಪುಟ’ ಒತ್ತಬೇಕಿತ್ತು. ಆ ಚಿಕ್ಕ ನಿಲುಗಡೆಯಲ್ಲಿ ‘ಸಾಕು, ಮಲಗೋಣ’ ಅನ್ನಿಸುತ್ತಿತ್ತು. 2006ರಲ್ಲಿ ವಿನ್ಯಾಸಕ ಅಜಾ ರಾಸ್ಕಿನ್ ಆ ನಿಲುಗಡೆಯನ್ನು ಅಳಿಸುವ ವಿನ್ಯಾಸ ಮಾಡಿದರು, ಮುಂದೆ ಅದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು. ಈಗಿನ ರೀಲ್ಸ್‌ನಲ್ಲಿ ಮುಂದಿನದು ಹಿಡಿಸುತ್ತದೋ ಇಲ್ಲವೋ ಗೊತ್ತಿರುವುದಿಲ್ಲ. ಯಾವಾಗ ಸಿಗುತ್ತದೆಂದು ತಿಳಿಯದ ಬಹುಮಾನಕ್ಕಾಗಿ ಪ್ರಾಣಿಗಳು ಬಿಡದೆ ಸನ್ನೆಕೋಲನ್ನು ಒತ್ತುತ್ತಲೇ ಇರುವುದನ್ನು ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ದಶಕಗಳ ಹಿಂದೆಯೇ ತೋರಿಸಿದ್ದರು. ಹತ್ತು ಗಂಟೆ ಹೊಲಿಗೆ ಯಂತ್ರದ ಮುಂದೆ ಕೂತು ಬಂದ ಹೆಣ್ಣುಮಗಳ ನಿದ್ದೆಯನ್ನು ಕದಿಯುವುದು ಈ ವಿನ್ಯಾಸವೇ ಹೊರತು ಆಕೆಯ ಸೋಮಾರಿತನವಲ್ಲ.

ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ನಿಷೇಧಿಸಿದೆ. ನಾವು ಕೇಳದ ಸಾಮಾನನ್ನು ಬುಟ್ಟಿಗೆ ಸೇರಿಸುವುದು, ಚಂದಾ ರದ್ದು ಮಾಡುವ ದಾರಿಯನ್ನು ಅಡಗಿಸಿಡುವುದು ಅದರಲ್ಲಿವೆ. 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ದೂರು ಹೇಳಬಹುದು. ಕೊನೆಯಿಲ್ಲದ ಸ್ಕ್ರೋಲ್ ಆ ಪಟ್ಟಿಯಲ್ಲಿಲ್ಲ. ಸೇರಿಸಬೇಕು. ಅಷ್ಟಾಗದಿದ್ದರೆ ತಾನಾಗಿ ಮುಂದಿನ ವಿಡಿಯೊ ಓಡುವ ಸೌಲಭ್ಯವಾದರೂ ಮೊದಲಿನಿಂದ ಆಫ್ ಆಗಿರಲಿ, ಬೇಕಾದವರು ಆನ್ ಮಾಡಿಕೊಳ್ಳಲಿ.