ಹಂಗಾಮು ಮುಗಿದ ಮೇಲಿನ ಪಗಾರ: ನಂಬಿದ್ದೆಷ್ಟು, ಇರುವುದೆಷ್ಟು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಕೆಲಸವೆಲ್ಲ ಒಂದೇ ಕಾಲಕ್ಕೆ ಬಂದು ಬೀಳುತ್ತದೆ. ತೊಗರಿ ರಾಶಿ ಡಿಸೆಂಬರ್, ಜನವರಿಯಲ್ಲಿ. ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವುದೂ ಅದೇ ಚಳಿಗಾಲದಲ್ಲಿ. ಹತ್ತಿ ಬಿಡಿಸುವುದು, ಜಿನ್ನಿಂಗ್, ಹಮಾಲಿ, ದಾಲ್‌ಮಿಲ್ಲಿನ ಪಾಳಿಗಳೆಲ್ಲ ಆಗ ತುಂಬಿರುತ್ತವೆ. ಬೇಸಿಗೆ ಏರುತ್ತಿದ್ದಂತೆ ಒಂದೊಂದೇ ಗೇಟು ಮುಚ್ಚುತ್ತದೆ. ತಾಂಡಾಗಳಿಂದ, ಊರುಗಳಿಂದ ಜನ ಗಂಟುಮೂಟೆ ಕಟ್ಟಿ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುತ್ತಾರೆ.

ಈ ಕೆಲಸದ ತಿಂಗಳುಗಳನ್ನು ಇನ್ನಷ್ಟು ಎಳೆಯಲು ಸರ್ಕಾರದ ಹಣ ಉಂಟೇ? ಉಂಟು. ಆದರೆ ಜನ ಅಂದುಕೊಂಡ ಜಾಗದಲ್ಲಿ ಇಲ್ಲ, ಅಂದುಕೊಂಡ ರೂಪದಲ್ಲೂ ಇಲ್ಲ. ಹಾಗಾಗಿ ಮಾಲೀಕರು ತಪ್ಪು ಕಚೇರಿಗೆ ಅಲೆಯುತ್ತಾರೆ, ಕೆಲಸಗಾರರು ತಮಗೆ ಸೇರಬೇಕಾದುದನ್ನು ಕೇಳದೆಯೇ ಬಿಡುತ್ತಾರೆ.

“ಕೆಲಸ ಇಲ್ಲದ ತಿಂಗಳಿಗೂ ಪಗಾರ ಕೊಡಲಾಕ ಸರ್ಕಾರ ಮಿಲ್ಲಿನವರಿಗೆ ರೊಕ್ಕ ಕೊಡ್ತದ, ಅವರು ನುಂಗ್ತಾರ”

ಇಂಥ ಯೋಜನೆ ನಮ್ಮ ದೇಶದಲ್ಲಿಲ್ಲ. ಇಲ್ಲದ ಹಣವನ್ನು ಯಾರೂ ನುಂಗಲಾರರು. ಆದರೆ ಈ ನಂಬಿಕೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಬೇರೆ ದೇಶಗಳಲ್ಲಿ ಅದು ನಿಜವಾಗಿಯೂ ಇದೆ. ಜರ್ಮನಿಯಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಹಿಮ, ಚಳಿಯಿಂದ ಕಟ್ಟಡದ ಕೆಲಸ ನಿಲ್ಲುತ್ತದೆ. ಆಗ ಮಾಲೀಕ ಆಳುಗಳನ್ನು ಬಿಡಿಸದಿರಲೆಂದು 2006ರಲ್ಲಿ ಒಂದು ವ್ಯವಸ್ಥೆ ಮಾಡಿದರು. ಕೆಲಸಗಾರ ಕಳೆದುಕೊಂಡ ನಿವ್ವಳ ಕೂಲಿಯಲ್ಲಿ ಶೇ. 60ರಷ್ಟನ್ನು, ಮಕ್ಕಳಿದ್ದವರಿಗೆ ಶೇ. 67ರಷ್ಟನ್ನು ಉದ್ಯೋಗ ಸಂಸ್ಥೆ ಮಾಲೀಕರ ಮೂಲಕ ಕೊಡುತ್ತದೆ. ಕೆಲಸಗಾರ ಪಟ್ಟಿಯಲ್ಲೇ ಉಳಿಯುತ್ತಾನೆ, ವಸಂತ ಬಂದಾಗ ಅದೇ ಕಂಪನಿಯಲ್ಲಿ ಮುಂದುವರಿಯುತ್ತಾನೆ.

ಅಲ್ಲಿ ಇದು ಸಾಧ್ಯವಾಗಲು ಒಂದು ಕಾರಣವಿದೆ. ಪ್ರತಿಯೊಬ್ಬ ಕೆಲಸಗಾರನ ಕೂಲಿ ಎಷ್ಟು, ಎಷ್ಟು ಗಂಟೆ ದುಡಿದ ಎಂಬ ಲೆಕ್ಕ ದಾಖಲೆಗಳಲ್ಲಿ ಮೊದಲೇ ಇದೆ. ನಮ್ಮಲ್ಲಿ ಮೂಟೆ ಹೊರುವವರ, ಬೇಳೆ ಹಸನು ಮಾಡುವ ಹೆಂಗಸರ ಹೆಸರು ಎಷ್ಟೋ ಮಿಲ್ಲುಗಳಲ್ಲಿ ಆಳು ಕರೆತರುವ ಮುಕಾದಮನ ಕಿಸೆಯ ವಹಿಯಲ್ಲಿ ಮಾತ್ರ ಇರುತ್ತದೆ. ಮುಂದೆ ಹೇಳುವ ಬಹುತೇಕ ಸಂಗತಿಗಳು ಇದೊಂದರ ಮೇಲೆಯೇ ನಿಂತಿವೆ.

“ಪಿಎಫ್ ಕಟ್ಟಿದ್ರ ಮಾಲೀಕಗ ಲುಕ್ಸಾನು, ಆಳಿಗೂ ಕೈಗೆ ಬರೋದು ಕಮ್ಮಿ”

ಮೂರೂ ತಾಲ್ಲೂಕುಗಳಿಗೆ ಅತಿ ಹೆಚ್ಚು ನಷ್ಟ ಮಾಡುತ್ತಿರುವ ನಂಬಿಕೆ ಇದೇ ಎಂದು ನನ್ನ ಅಭಿಪ್ರಾಯ. ಆದ್ದರಿಂದ ಇದರ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಕೇಂದ್ರ ಸರ್ಕಾರ 2025ರ ಜುಲೈ 1ರಂದು ಒಪ್ಪಿದ ‘ಪ್ರಧಾನ ಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ’ಗೆ 99,446 ಕೋಟಿ ರೂಪಾಯಿ ಮೀಸಲಿದೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಹುಟ್ಟುವ ಹೊಸ ಕೆಲಸಗಳಿಗೆ ಅದು ಅನ್ವಯಿಸುತ್ತದೆ. ಅದರ ಒಂದು ಭಾಗದ ಹಣ ನೇರವಾಗಿ ಮಾಲೀಕರಿಗೆ ಹೋಗುತ್ತದೆ. ಹೊಸದಾಗಿ ಸೇರಿಸಿಕೊಂಡ ಆಳಿನ ಪಿಎಫ್ ಕೂಲಿ 10,000 ರೂಪಾಯಿ ದಾಟಿ 20,000ದೊಳಗಿದ್ದರೆ ತಿಂಗಳಿಗೆ 2,000 ರೂಪಾಯಿ, ಅದಕ್ಕಿಂತ ಹೆಚ್ಚಿದ್ದರೆ 3,000, 10,000ದೊಳಗಿದ್ದರೆ 1,000ದವರೆಗೆ. ಇದು ಎರಡು ವರ್ಷ ಸಿಗುತ್ತದೆ. ತಯಾರಿಕಾ ಉದ್ಯಮಗಳಿಗೆ ಮೂರನೆಯ, ನಾಲ್ಕನೆಯ ವರ್ಷಕ್ಕೂ ವಿಸ್ತರಣೆಯಿದೆ. ಬೇಳೆ ಮಾಡುವ ಮಿಲ್ಲು ತಯಾರಿಕೆಯೇ ಎಂಬುದನ್ನು ನೆನಪಿಡಬೇಕು.

ಈಗ ಮಾಲೀಕರ ಲುಕ್ಸಾನಿನ ಲೆಕ್ಕ. 12,000 ರೂಪಾಯಿ ಕೂಲಿಯ ಆಳಿಗೆ ಮಾಲೀಕರ ಪಾಲಿನ ಪಿಎಫ್ ಶೇ. 12, ಅಂದರೆ 1,440 ರೂಪಾಯಿ. ವಿಮೆ, ಆಡಳಿತ ಶುಲ್ಕ ಸೇರಿ ಹೆಚ್ಚುಕಡಿಮೆ ಶೇ. 13 ಹಿಡಿದರೂ 1,560. ಸರ್ಕಾರ ಕೊಡುವುದು 2,000. ಹೊಸ ಆಳಿನ ಮಟ್ಟಿಗೆ ಪಿಎಫ್ ಕಟ್ಟಿದ ಮೇಲೆ ಮಾಲೀಕರಿಗೆ ತಿಂಗಳಿಗೆ 440 ರೂಪಾಯಿ ಮಿಗುತ್ತದೆ. ಇನ್ನು ಆಳಿನ ಕೂಲಿಯಲ್ಲಿ ಮುರಿಯುವ ಶೇ. 12 ಅವನದೇ ಖಾತೆಯಲ್ಲಿ ಬಡ್ಡಿಯ ಸಮೇತ ಕೂಡುತ್ತದೆ. ಮೊದಲ ಬಾರಿ ಪಿಎಫ್‌ಗೆ ಸೇರಿದವರಾದರೆ ಅವರ ಬ್ಯಾಂಕ್ ಖಾತೆಗೆ ಒಂದು ತಿಂಗಳ ಕೂಲಿಯಷ್ಟು, ಹೆಚ್ಚೆಂದರೆ 15,000 ರೂಪಾಯಿ, ಎರಡು ಕಂತಿನಲ್ಲಿ ಬರುತ್ತದೆ.

ಷರತ್ತುಗಳು ಇವೆ. 50ಕ್ಕಿಂತ ಕಡಿಮೆ ಆಳುಗಳಿರುವ ಕಡೆ ಕನಿಷ್ಠ ಇಬ್ಬರನ್ನು, ಅದಕ್ಕಿಂತ ದೊಡ್ಡದಾದರೆ ಐವರನ್ನು ಹೆಚ್ಚಿಗೆ ಸೇರಿಸಿಕೊಳ್ಳಬೇಕು. ಇದ್ದವರ ಹೆಸರು ತೆಗೆದು ಅವರನ್ನೇ ಹೊಸಬರೆಂದು ಬರೆದರೆ ನಡೆಯದು. ಎಲ್ಲಕ್ಕಿಂತ ಮುಖ್ಯವಾದ ಷರತ್ತು, ಹೊಸ ಆಳು ಕನಿಷ್ಠ ಆರು ತಿಂಗಳು ಕೆಲಸದಲ್ಲಿ ಉಳಿಯಬೇಕು. ಕೆಲಸಗಾರನ ಮೊದಲ ಕಂತು ಬರುವುದೂ ಆರು ತಿಂಗಳು ತುಂಬಿದ ಮೇಲೆ. ಎರಡನೆಯದು ಹನ್ನೆರಡು ತಿಂಗಳು ಮುಗಿಸಿ, ಹಣಕಾಸು ತಿಳಿವಳಿಕೆಯ ಒಂದು ಸಣ್ಣ ತರಬೇತಿ ಮುಗಿಸಿದ ಮೇಲೆ.

ಹಂಗಾಮಿ ಉದ್ಯಮದ ಗಂಟು ಇಲ್ಲಿದೆ. ನಮ್ಮ ಹಂಗಾಮು ನಾಲ್ಕೈದು ತಿಂಗಳು. ಯೋಜನೆ ಕೇಳುವುದು ಆರು. ನಡುವಿನ ಆ ಒಂದೆರಡು ತಿಂಗಳನ್ನು ದಾಟಿಸಬಲ್ಲ ಮಿಲ್ಲಿಗೆ ಹಣ ಸಿಗುತ್ತದೆ, ದಾಟಿಸಲಾಗದ ಮಿಲ್ಲಿಗೆ ಏನೂ ಇಲ್ಲ. ಯೋಜನೆಯ ಹೆಸರಿನಲ್ಲಿ ಹಂಗಾಮು ಎಂಬ ಮಾತೇ ಇಲ್ಲದಿದ್ದರೂ, ಹಂಗಾಮನ್ನು ಎಳೆದವರಿಗೆ ಸಿಗುವ ಹಣ ನಮ್ಮ ಪಾಲಿಗೆ ಇದೇ. ಇದನ್ನು ಮಿಲ್ಲಿನ ಮಾಲೀಕರ ಸಂಘಗಳು, ಕಾರ್ಮಿಕರ ಸಂಘಗಳು ಕೂಡಿ ಕುಳಿತು ಮಾತಾಡಬೇಕು. ಇಬ್ಬರ ಹಿತವೂ ಒಂದೇ ಕಡೆ ಇರುವ ಸಂದರ್ಭಗಳು ಹೆಚ್ಚಿಲ್ಲ.

“ಹಂಗಾಮಿ ಆಳಿಗೆ ಪಿಂಚಣಿ ಎಲ್ಲಿಂದ ಬರ್ತದ, ವರ್ಷದಾಗ ನಾಕು ತಿಂಗಳ ಕೆಲಸ”

ಬರುತ್ತದೆ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಈ ಮಾತು ಸ್ಪಷ್ಟವಾಗಿದೆ: ಹಂಗಾಮಿಯಾಗಿ ದುಡಿಯುವ ನೌಕರನ ಆ ವರ್ಷದ ಸೇವೆ ಪೂರ್ಣ ವರ್ಷಕ್ಕಿಂತ ಕಡಿಮೆಯಿದ್ದರೂ ಅದನ್ನು ಪೂರ್ಣ ವರ್ಷವೆಂದೇ ಲೆಕ್ಕ ಹಿಡಿಯಬೇಕು. ಪಿಂಚಣಿಗೆ ಬೇಕಾದ ಸೇವೆ ಹತ್ತು ವರ್ಷ. ಅಂದರೆ ಹತ್ತು ಹಂಗಾಮು ಪಿಎಫ್ ಪಟ್ಟಿಯಲ್ಲಿ ದುಡಿದವರು 58ನೆಯ ವಯಸ್ಸಿಗೆ ಪಿಂಚಣಿಗೆ ಅರ್ಹರು. ಕನಿಷ್ಠ ಪಿಂಚಣಿ 1,000 ರೂಪಾಯಿ. ಈ ಮೊತ್ತ ಇಂದಿನ ಬೆಲೆಗಳ ನಡುವೆ ಏನೇನೂ ಸಾಲದು ಎಂಬುದು ನಿಜ. ಆದರೂ ಹತ್ತು ಚಳಿಗಾಲ ಧೂಳು ಕುಡಿದವರಿಗೆ ಅದೂ ಸಿಗದೆ ಹೋಗುವುದು ಅನ್ಯಾಯ.

ಗ್ರಾಚ್ಯುಟಿಯದೂ ಇದೇ ಕಥೆ. ಹಂಗಾಮಿ ಸಂಸ್ಥೆಯಲ್ಲಿ ದುಡಿದವರಿಗೆ ಪ್ರತಿ ಹಂಗಾಮಿಗೆ ಏಳು ದಿನದ ಕೂಲಿ ಎಂದು 1972ರ ಕಾಯ್ದೆ ಹೇಳಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ಸಂಸ್ಥೆ ನಡೆದ ದಿನಗಳಲ್ಲಿ ಮುಕ್ಕಾಲು ಪಾಲು ಹಾಜರಿದ್ದರೆ ಆ ಹಂಗಾಮಿನ ಸೇವೆ ಮುರಿಯದೆ ನಡೆದಂತೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಇದೆಲ್ಲ ಹಕ್ಕು. ಇಲ್ಲದಿದ್ದರೆ ಮುಕಾದಮನ ದಯೆ.

“ಮಳಿಗಾಲದಾಗ ದಾಲ್‌ಮಿಲ್ ನಡಿಯಂಗಿಲ್ಲ”

ಅಂಗಳದ ಬಿಸಿಲನ್ನೇ ನಂಬಿದ ಸಣ್ಣ ಮಿಲ್ಲಿನ ಮಟ್ಟಿಗೆ ಈ ಮಾತು ಸರಿ. ತೊಗರಿಯ ಸಿಪ್ಪೆಗೆ ಗೀರು ಬೀಳಿಸಿ, ಎಣ್ಣೆ ಹಚ್ಚಿ, ನೀರು ಹಾಕಿ, ದಿನಗಟ್ಟಲೆ ಒಣಗಿಸಿದ ಮೇಲೆಯೇ ಸಿಪ್ಪೆ ಬಿಡುವುದು, ಕಾಳು ಎರಡು ಹೋಳಾಗುವುದು. ಮೋಡ ಕವಿದರೆ ಆ ಅಂಗಳ ಖಾಲಿ. ಒಣಗಿಸುವ ಯಂತ್ರ ಇದ್ದರೆ ಮಳೆಯ ಹಂಗಿಲ್ಲ. ಮಿಲ್ಲು ನಿಲ್ಲಲು ಕಾರಣ ಆಕಾಶವಲ್ಲ, ಯಂತ್ರಕ್ಕೆ ಬಂಡವಾಳ ಇಲ್ಲದಿರುವುದು.

ಆ ಬಂಡವಾಳಕ್ಕೆ ಹಣ ಇಟ್ಟ ಯೋಜನೆ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳದ್ದು, ಜನ ‘ಪಿಎಂಎಫ್‌ಎಂಇ’ ಎನ್ನುವುದು. 2020ರ ಜೂನಿನಲ್ಲಿ ಶುರುವಾಗಿ 2025–26ರವರೆಗೆ ಅವಧಿ ಪಡೆಯಿತು. ಅದರಲ್ಲಿ ‘ಒಂದು ಜಿಲ್ಲೆ, ಒಂದು ಉತ್ಪನ್ನ’ದ ಅಡಿ ಕಲಬುರಗಿಗೆ ಸಿಕ್ಕಿದ್ದು ತೊಗರಿಯೇ. ಕೇಂದ್ರದ ಸಹಾಯಧನ ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ. ಕರ್ನಾಟಕ ಸರ್ಕಾರ ತನ್ನದೂ ಶೇ. 15 ಸೇರಿಸಿದ್ದರಿಂದ ನಮ್ಮಲ್ಲಿ ಅದು ಶೇ. 50, ಗರಿಷ್ಠ 15 ಲಕ್ಷ. ಯೋಜನೆ ಮುಂದುವರಿದಿದೆಯೇ, ಆಯಾ ವರ್ಷದ ಅನುದಾನ ಉಳಿದಿದೆಯೇ ಎಂದು ಕೃಷಿ ಇಲಾಖೆಯ ಕಚೇರಿಯಲ್ಲಿ ಮೊದಲು ಕೇಳಿಕೊಂಡೇ ಕೊಟೇಶನ್ ತರುವುದು ಒಳ್ಳೆಯದು.

ಇದರ ಸುತ್ತಲೂ ಎರಡು ಉಪನಂಬಿಕೆಗಳಿವೆ. ಸಬ್ಸಿಡಿ ಕೈಗೆ ನಗದಾಗಿ ಬರುತ್ತದೆ ಎಂಬುದು ಒಂದು. ಬರುವುದಿಲ್ಲ. ಅದು ಸಾಲಕ್ಕೆ ಹೊಂದಿದ ಹಣ. ಬ್ಯಾಂಕಿನಲ್ಲಿ ಸಾಲದ ಖಾತೆಯ ಪಕ್ಕಕ್ಕೆ ಕೂತಿರುತ್ತದೆ. ಮೂರು ವರ್ಷ ಕಂತು ಸರಿಯಾಗಿ ಕಟ್ಟಿ, ಉದ್ಯಮ ನಡೆಯುತ್ತಿದ್ದರೆ ಸಾಲಕ್ಕೆ ಜಮೆಯಾಗುತ್ತದೆ. ಇನ್ನೊಂದು, ಅರ್ಜಿಗೆ ಏಜೆಂಟರನ್ನು ಹಿಡಿಯಲೇಬೇಕು ಎಂಬುದು. ಯೋಜನಾ ವರದಿ ಬರೆಯುವುದರಿಂದ ಸಾಲ ಮಂಜೂರಾಗುವವರೆಗೆ ನೆರವಾಗಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಅವರ ಸಂಭಾವನೆ ಯೋಜನೆಯಿಂದಲೇ ಬರುತ್ತದೆ, ಅರ್ಜಿದಾರ ಕೊಡಬೇಕಾದುದಿಲ್ಲ.

ಯಂತ್ರ ಬಂತು ಅನ್ನೋಣ. ಅದರೊಳಗೆ ಹಾಕಲು ತೊಗರಿ ಬೇಕಲ್ಲ! 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ದಿನಕ್ಕೆ ಬರೇ 20 ಕ್ವಿಂಟಲ್ ಒಡೆಯುವ ಮಿಲ್ಲಿಗೂ ಆ ದರದಲ್ಲಿ ದಿನಕ್ಕೆ 1.6 ಲಕ್ಷದ ಮಾಲು ಬೇಕು. ಮೂರು ತಿಂಗಳು ಹೆಚ್ಚಿಗೆ ಓಡಿಸಬೇಕಾದರೆ ರಾಶಿಯ ಕಾಲದಲ್ಲೇ ಸುಮಾರು 1.44 ಕೋಟಿಯ ತೊಗರಿ ಕೊಂಡು ಇಡಬೇಕು. ಸಹಾಯಧನದ 15 ಲಕ್ಷ ಈ ಮೊತ್ತದ ಮುಂದೆ ಏನೂ ಅಲ್ಲ, ಮೇಲಾಗಿ ಅದು ಮಾಲು ಕೊಳ್ಳಲು ಕೊಡುವ ಹಣವೇ ಅಲ್ಲ. ಇಲ್ಲಿ ನೆರವಿಗೆ ಬರುವುದು ನೋಂದಾಯಿತ ಗೋದಾಮಿನ ವಿದ್ಯುನ್ಮಾನ ರಸೀದಿಯ ಮೇಲೆ ಬ್ಯಾಂಕ್ ಕೊಡುವ ಸಾಲ. ತೊಗರಿ ಗೋದಾಮಿನಲ್ಲಿ ಇರುತ್ತದೆ, ರಸೀದಿ ಅಡವಿರುತ್ತದೆ, ಬೇಕಾದಾಗ ಬೇಕಾದಷ್ಟು ಬಿಡಿಸಿಕೊಳ್ಳಬಹುದು. ಹಂಗಾಮು ಉದ್ದವಾಗಬೇಕು ಅನ್ನುವವರು ಯಂತ್ರದ ಬಗ್ಗೆ ಮಾತಾಡಿದಷ್ಟೇ ಗೋದಾಮಿನ ಬಗ್ಗೆಯೂ ಮಾತಾಡಬೇಕು.

ಪಿಎಂಎಫ್‌ಎಂಇ ಯೋಜನೆಯಲ್ಲೇ ಸ್ವಸಹಾಯ ಸಂಘದ ಪ್ರತಿ ಸದಸ್ಯೆಗೆ 40,000 ರೂಪಾಯಿವರೆಗೆ ದುಡಿಮೆಯ ಬಂಡವಾಳ, ಸಣ್ಣ ಸಲಕರಣೆಗೆಂದು ಇಡಲಾಗಿತ್ತು. ‘ಕಲಬುರಗಿ ರೊಟ್ಟಿ’ ಹೆಸರಿನಲ್ಲಿ ಜಿಲ್ಲೆಯ ಹೆಣ್ಣುಮಕ್ಕಳು ಜೋಳದ ರೊಟ್ಟಿ ಮಾರುತ್ತಿದ್ದಾರೆ. ರೊಟ್ಟಿಗೆ ಹಂಗಾಮಿಲ್ಲ, ವರ್ಷವಿಡೀ ಬಡಿಯಬಹುದು. ಮಿಲ್ಲಿನಲ್ಲಿ ಬೇಳೆ ಹಸನು ಮಾಡುವ ಕೆಲಸ ನಿಂತ ಹೆಂಗಸರಿಗೆ ಊರಲ್ಲೇ ದೊರೆಯಬಹುದಾದ ಕೆಲಸ ಇದು.

“ಎಥನಾಲ್ ಬಂತು, ಸಕ್ಕರಿ ಫ್ಯಾಕ್ಟರಿ ಇನ್ನ ಹನ್ನೆರಡೂ ತಿಂಗಳ”

ಆಳಂದದ ಭೂಸನೂರ, ಅಫಜಲಪುರದ ಹವಳಗಾ, ಚಿಣಮಗೇರಾ, ಹಳೆಯ ಜೇವರ್ಗಿ ತಾಲ್ಲೂಕಿನ ಮಳ್ಳಿ–ನಾಗರಹಳ್ಳಿ ಕಡೆ ಕೇಳಿಬರುವ ಮಾತಿದು. 2018ರಿಂದ ಎಥನಾಲ್ ಘಟಕಗಳ ಸಾಲದ ಬಡ್ಡಿಗೆ ಕೇಂದ್ರ ನೆರವು ಕೊಡುತ್ತ ಬಂದಿದೆ. 2025ರ ಮಾರ್ಚ್‌ನಲ್ಲಿ ಬಂದ ತಿದ್ದುಪಡಿಯಂತೂ ಹಂಗಾಮಿನ ವಿಷಯವನ್ನೇ ನೇರವಾಗಿ ಹಿಡಿದಿದೆ: ಕಬ್ಬು ಸಿಗುವುದು ವರ್ಷಕ್ಕೆ ನಾಲ್ಕೈದು ತಿಂಗಳು ಮಾತ್ರ, ಆದ್ದರಿಂದ ಉಳಿದ ಕಾಲದಲ್ಲಿ ಮೆಕ್ಕೆಜೋಳ, ಕೆಟ್ಟ ಧಾನ್ಯದಿಂದಲೂ ಎಥನಾಲ್ ತೆಗೆಯುವಂತೆ ಘಟಕ ಬದಲಿಸಲು ಬಡ್ಡಿಯಲ್ಲಿ ಶೇ. 6 ಅಥವಾ ಬ್ಯಾಂಕ್ ಹಾಕುವ ಬಡ್ಡಿಯ ಅರ್ಧ, ಎರಡರಲ್ಲಿ ಕಡಿಮೆಯಾದುದನ್ನು ಐದು ವರ್ಷ ಸರ್ಕಾರ ಭರಿಸುತ್ತದೆ.

ಆದರೆ ಅದು ಸಹಕಾರಿ ಕಾರ್ಖಾನೆಗಳಿಗೆ ಮಾತ್ರ. ಮೇಲೆ ಹೇಳಿದ ಊರುಗಳ ಕಾರ್ಖಾನೆಗಳನ್ನು ನಡೆಸುತ್ತಿರುವವು ಖಾಸಗಿ ಕಂಪನಿಗಳು. ಇನ್ನೊಂದು ಸಂಗತಿ, ಡಿಸ್ಟಿಲರಿ ವರ್ಷವಿಡೀ ನಡೆದರೂ ಅದಕ್ಕೆ ಬೇಕಾದ ಕೈಗಳು ಕಡಿಮೆ, ಅವೂ ತರಬೇತಾದ ಕೈಗಳು. ಕಬ್ಬು ಕಡಿಯುವ ಟೋಳಿಗೆ ಅದರಿಂದ ಒಂದು ದಿನದ ಕೆಲಸವೂ ಹೆಚ್ಚುವುದಿಲ್ಲ. ಮುಂಗಡ ಪಡೆದು ಗಂಡ ಹೆಂಡತಿ ಜೋಡಿಯಾಗಿ ಬರುವ ಈ ಜನ ಲೆಕ್ಕದಲ್ಲಿ ಕಾರ್ಖಾನೆಯ ಆಳುಗಳೂ ಅಲ್ಲ. ಪಿಎಫ್, ಗ್ರಾಚ್ಯುಟಿ, ಮೇಲೆ ಹೇಳಿದ ಎರಡು ಸಾವಿರ ಯಾವುದೂ ಅವರ ಹತ್ತಿರ ಸುಳಿಯುವುದಿಲ್ಲ. ಕಬ್ಬಿನ ಹಂಗಾಮು ನಿಂತಿರುವುದೇ ಅವರ ಕುಡುಗೋಲಿನ ಮೇಲೆ. ಅವರನ್ನು ಹೊರಗಿಟ್ಟು ಮಾಡಿದ ಯಾವ ಯೋಜನೆಯನ್ನೂ ನಾನು ಪೂರ್ಣ ಎನ್ನಲಾರೆ.

“ಖಾತ್ರಿ ರೊಕ್ಕ ಮಿಲ್ಲಿಗೆ ಕೊಟ್ರ ಎಲ್ಲರಿಗೂ ಕೆಲಸ”

ಕೊಡಲು ಬರುವುದಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆ ಗುತ್ತಿಗೆದಾರರನ್ನೇ ದೂರವಿಟ್ಟಿತ್ತು. ಅದರ ಜಾಗಕ್ಕೆ 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ ದಿನಗಳನ್ನು 100ರಿಂದ 125ಕ್ಕೆ ಏರಿಸಿ, ಬಿತ್ತನೆ, ಸುಗ್ಗಿಯ ಕಾಲದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಲು ಅವಕಾಶ ಇಟ್ಟಿದೆ. ಮಿಲ್ಲು ಮುಚ್ಚಿದ ಮೇಲೆ ಊರಲ್ಲಿ ಬದು, ಕೆರೆ ಕೆಲಸಕ್ಕೆ ಇದು ಆಸರೆ. ಮಿಲ್ಲಿನ ಪಗಾರಕ್ಕೆ ಅಲ್ಲ.

ಮಾಲೀಕರಿಗೆ ಸಿಗುವ ಪಿಎಫ್ ಪ್ರೋತ್ಸಾಹಧನದ ಗಡುವನ್ನು ಮತ್ತೊಮ್ಮೆ ನೋಡಿ. 2027ರ ಜುಲೈ 31. ನಮ್ಮ ಕಡೆಯ ತೊಗರಿ ಲೆಕ್ಕದಲ್ಲಿ ಹೇಳುವುದಾದರೆ 2027ರ ಜನವರಿಯ ರಾಶಿಯೇ ಅದರೊಳಗೆ ಬೀಳುವ ಕೊನೆಯ ರಾಶಿ. ಆ ರಾಶಿಗೆ ಕರೆಸುವ ಆಳುಗಳ ಆಧಾರ್, ಬ್ಯಾಂಕ್ ಖಾತೆ, ಪಿಎಫ್ ಸಂಖ್ಯೆ ಕೂಡಿಸುವ ಕೆಲಸ ಅದಕ್ಕೂ ಮೊದಲೇ, ದಸರೆ ದೀಪಾವಳಿಯ ಹೊತ್ತಿಗೆ, ಮಿಲ್ಲಿನ ಕಚೇರಿಯಲ್ಲಿ ಮುಗಿದಿರಬೇಕು.