ಅಡುಗೆಮನೆ ಕಿಟಕಿಯ ಬೆಳಕು

ಬೆಳಿಗ್ಗೆ ಏಳೂಕಾಲು. ಸ್ಕೂಲ್ ವ್ಯಾನು ಬರಲು ಇನ್ನು ಹದಿನೈದು ನಿಮಿಷ. ಕುಕ್ಕರು ಎರಡನೇ ಸಲ ಕೂಗಿದೆ. ಮಗಳ ಜಡೆ ಇನ್ನೂ ಆಗಿಲ್ಲ, ಮಗನ ಒಂದು ಸಾಕ್ಸು ಸಿಗುತ್ತಿಲ್ಲ. ಕರ್ನಾಟಕದ ಯಾವ ಊರಿನ ಯಾವ ಮನೆಯಲ್ಲಾದರೂ ನಡೆಯುವ ಗದ್ದಲವಿದು. ಅದೇ ಹೊತ್ತಿಗೆ ಪೂರ್ವದ ಕಿಟಕಿಯಿಂದ ಎಳೆಬಿಸಿಲು ಓರೆಯಾಗಿ ಒಳಬರುತ್ತದೆ. ಕುಕ್ಕರಿನ ಹಬೆಯನ್ನು ಹಾದು, ಜಡೆ ಹಾಕಿಸಿಕೊಳ್ಳುತ್ತಾ ಮೂತಿ ಊದಿಸಿ ಕೂತವಳ ಅರ್ಧ ಮುಖವನ್ನು ಬೆಳಗುತ್ತದೆ. ಉಳಿದರ್ಧ ನೆರಳು. ಹತ್ತು ನಿಮಿಷ ಕಳೆದರೆ ಆ ಬಿಸಿಲು ಗೋಡೆಗೆ ಸರಿದು, ನೆಲಕ್ಕಿಳಿದು, ಬರೀ ಬಿಸಿಲಾಗಿಬಿಡುತ್ತದೆ.

ಆ ಹತ್ತು ನಿಮಿಷವನ್ನು ಕಂಡು ಕೈಗೆ ಕ್ಯಾಮೆರಾ ತೆಗೆದುಕೊಳ್ಳುವ ಅಪ್ಪ ಅಮ್ಮಂದಿರ ಹವ್ಯಾಸದ ಪರಿಚಯವಿದು. ಫೋಟೊಗ್ರಫಿ ಎಂದರೆ ಕಬಿನಿಯ ಹಿನ್ನೀರಿನಲ್ಲಿ ಜೀಪು ನಿಲ್ಲಿಸಿಕೊಂಡು ಕಾಯುವವರಿಗೆ, ಹಂಪಿಯ ಮಾತಂಗ ಬೆಟ್ಟವನ್ನು ಕತ್ತಲಲ್ಲೇ ಹತ್ತುವವರಿಗೆ ಒಗ್ಗುವ ಗೀಳು, ಚಿಕ್ಕ ಮಕ್ಕಳಿರುವ ಮನೆಗೆ ಅದು ದೂರ ಎಂದು ನಂಬಿದವರೇ ಹೆಚ್ಚು. ಮಗು ಹುಟ್ಟಿದ ವರ್ಷ ಕ್ಯಾಮೆರಾ ಬೀರುವಿನ ಮೇಲಿನ ಅರೆ ಸೇರುವುದೂ ಅದಕ್ಕೇ. ಆದರೆ ಈ ಕಲೆಯ ಚರಿತ್ರೆಯನ್ನು ತೆರೆದು ನೋಡಿದರೆ, ಅದರ ಒಳ್ಳೆಯ ಪುಟಗಳಲ್ಲಿ ಕೆಲವು ಸಂಸಾರದ ನಡುವೆಯೇ ಬರೆದಂಥವು.

ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಕಲ್ಕತ್ತೆಯಲ್ಲಿ 1815ರಲ್ಲಿ ಹುಟ್ಟಿದವಳು. ಆರು ಮಕ್ಕಳ ತಾಯಿ. ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ಫ್ರೆಶ್‌ವಾಟರ್ ಎಂಬಲ್ಲಿ ನೆಲೆಸಿದ್ದಾಗ, 1863ರ ಡಿಸೆಂಬರಿನಲ್ಲಿ, ಮಗಳು ಅಳಿಯ ಸೇರಿ ಅವಳಿಗೊಂದು ಕ್ಯಾಮೆರಾ ತಂದುಕೊಟ್ಟರು. ಗಂಡ ಸಿಲೋನಿನ ಕಾಫಿ ತೋಟ ನೋಡಿಕೊಳ್ಳಲು ಹೋಗಿದ್ದ ದಿನಗಳವು. ಒಬ್ಬಳೇ ಇರುವ ಅಮ್ಮನಿಗೆ ಹೊತ್ತು ಹೋಗಲಿ ಎಂಬುದಷ್ಟೇ ಮಕ್ಕಳ ಆಸೆ. ಆಗ ಅವಳಿಗೆ ನಲವತ್ತೆಂಟು ವರ್ಷ. ಕಲ್ಲಿದ್ದಲು ತುಂಬಿಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ ಡಾರ್ಕ್‌ರೂಂ ಮಾಡಿಕೊಂಡಳು. ಗಾಜು ಹೊದಿಸಿದ್ದ ಕೋಳಿಮನೆ ಸ್ಟುಡಿಯೊ ಆಯಿತು. ಗಾಜಿನ ಫಲಕಕ್ಕೆ ಅಂಟು ದ್ರಾವಣ ಸುರಿದು, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆದು, ಒಣಗುವ ಮೊದಲೇ ತೊಳೆದು ಮುಗಿಸಬೇಕಾದ ಕಾಲವದು. ಎದುರು ಕೂತವರು ನಿಮಿಷಗಟ್ಟಲೆ ಅಲುಗಾಡುವಂತಿರಲಿಲ್ಲ.

1864ರ ಜನವರಿಯಲ್ಲಿ ಆನಿ ಎಂಬ ಪುಟ್ಟ ಹುಡುಗಿಯನ್ನು ಕೂರಿಸಿ ತೆಗೆದದ್ದನ್ನು ಅವಳು ತನ್ನ ಮೊದಲ ಯಶಸ್ಸು ಎಂದು ಕರೆದಳು. ಆಮೇಲೆ ಮನೆಗೆಲಸದ ಹುಡುಗಿಯರು, ನೆಂಟರ ಮಕ್ಕಳು, ನೆರೆಯ ಕವಿ ಟೆನಿಸನ್, 1867ರಲ್ಲಿ ವಿಜ್ಞಾನಿ ಹರ್ಷೆಲ್, ಮರುವರ್ಷ ಡಾರ್ವಿನ್, ಹೀಗೆ ಕೈಗೆ ಸಿಕ್ಕವರೆಲ್ಲ ಅವಳ ಕ್ಯಾಮೆರಾದ ಮುಂದೆ ಕೂತರು. ಫೋಕಸ್ ಸರಿಯಿಲ್ಲ, ಫಲಕದ ಮೇಲೆ ಬೆರಳಿನ ಗುರುತಿದೆ, ಧೂಳಿದೆ ಎಂದು ಲಂಡನ್ನಿನ ಪಂಡಿತರು ಹಳಿದರು. ಇಂದು ಹತ್ತೊಂಬತ್ತನೇ ಶತಮಾನದ ಭಾವಚಿತ್ರಗಳ ಮಾತು ಬಂದಾಗ ಮೊದಲು ನೆನಪಾಗುವ ಹೆಸರುಗಳಲ್ಲಿ ಅವಳದೂ ಒಂದು. ಅವಳ ಮಾದರಿಗಳಲ್ಲಿ ಹೆಚ್ಚಿನವರು ಸಿಕ್ಕಿದ್ದು ಮನೆಯ ಹೊಸ್ತಿಲ ಆಸುಪಾಸಿನಲ್ಲೇ.

ನಮ್ಮ ದೇಶದ ಉದಾಹರಣೆ ಇನ್ನೂ ಹತ್ತಿರದ್ದು. ಕಾಶಿಯ ಎದುರಿಗಿರುವ ರಾಮನಗರದಲ್ಲಿ ಬೆಳೆದ ಅವಳಿ ಸೋದರಿಯರು ಮನೋಬಿನಾ ಮತ್ತು ದೇಬಲೀನಾ. 1919ರಲ್ಲಿ ಹುಟ್ಟಿದವರು. ಹನ್ನೆರಡು ತುಂಬಿದಾಗ ತಂದೆ ಇಬ್ಬರಿಗೂ ಒಂದೊಂದು ಪೆಟ್ಟಿಗೆ ಕ್ಯಾಮೆರಾ ಕೊಟ್ಟರು. ಕಲಿಸಿದವರೂ ಅವರೇ. ಹೆಣ್ಣುಮಕ್ಕಳಿಗೆ ಒಡವೆ ಮಾಡಿಸಿಡುತ್ತಿದ್ದ ಕಾಲದಲ್ಲಿ ಒಬ್ಬ ಅಪ್ಪ ಆರಿಸಿದ ಉಡುಗೊರೆ ಇದು ಎಂಬುದನ್ನು ನೆನೆದರೆ ಆ ಮನುಷ್ಯನ ಮೇಲೆ ಪ್ರೀತಿ ಉಕ್ಕುತ್ತದೆ. ಇಬ್ಬರೂ ಸಂಯುಕ್ತ ಪ್ರಾಂತ್ಯದ ಹವ್ಯಾಸಿ ಛಾಯಾಗ್ರಾಹಕರ ಸಂಘದ ಸದಸ್ಯರಾದರು. ಮನೋಬಿನಾ ಮದುವೆಯಾದದ್ದು ಬಿಮಲ್ ರಾಯ್ ಅವರನ್ನು. ‘ದೋ ಬಿಘಾ ಜಮೀನ್’ ನಿರ್ದೇಶಿಸಿದ ಬಿಮಲ್ ರಾಯ್ ಮೊದಲು ತಾವೂ ಕ್ಯಾಮೆರಾಮನ್ ಆಗಿದ್ದವರು.

ನಾಲ್ಕು ಮಕ್ಕಳು, ಮುಂಬಯಿಯ ಚಿತ್ರರಂಗದವರು ಬಂದುಹೋಗುವ ಮನೆ. ಆ ಗೃಹಕೃತ್ಯದ ನಡುವೆಯೂ ಮನೋಬಿನಾ ಕ್ಯಾಮೆರಾ ಕೆಳಗಿಡಲಿಲ್ಲ. ಮನೆಯವರು, ನೆಂಟರು, ಬಂದ ಅತಿಥಿಗಳು, ಪ್ರವಾಸ ಹೋದಲ್ಲಿ ಕಂಡ ಬೀದಿಗಳು, ಎಲ್ಲವೂ ಅವರ ವಸ್ತುವೇ. ರವೀಂದ್ರನಾಥ ಟ್ಯಾಗೋರರ ಚಿತ್ರವನ್ನೂ ತೆಗೆದರು, ನೆಹರೂ ಅವರದನ್ನೂ ತೆಗೆದರು. ಆದರೂ ಅದನ್ನು ವೃತ್ತಿ ಮಾಡಿಕೊಳ್ಳಲಿಲ್ಲ. ದೇಬಲೀನಾ ಕೂಡ ಹಾಗೆಯೇ. ಇಬ್ಬರೂ ಕೊನೆತನಕ ಹವ್ಯಾಸಿಗಳು. ಬಹುಕಾಲ ಆಲ್ಬಂಗಳೊಳಗೇ ಇದ್ದ ಅವರ ಕೆಲಸವನ್ನು ಭಾರತೀಯ ಮಹಿಳೆಯರ ಛಾಯಾಗ್ರಹಣದ ಆರಂಭದ ಅಧ್ಯಾಯವೆಂದು ಈಗ ಅಭ್ಯಾಸ ಮಾಡುತ್ತಿದ್ದಾರೆ.

ಹವ್ಯಾಸಿ ಸಂಘಗಳ ಪರಂಪರೆ ಇಲ್ಲಿ ಹಳೆಯದು. ಮುಂಬಯಿಯಲ್ಲಿ 1854ರಲ್ಲೇ ಛಾಯಾಗ್ರಾಹಕರ ಸಂಘವಿತ್ತು. ಆದರೆ ಕ್ಯಾಮೆರಾ ಸಾಮಾನ್ಯರ ಮನೆ ಹೊಕ್ಕಿದ್ದಕ್ಕೆ ಕಾರಣ ಅಗ್ಗದ ಪೆಟ್ಟಿಗೆಗಳು. ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಮಾರಾಟಕ್ಕೆ ತಂದ ಮೊದಲ ಕೊಡ್ಯಾಕ್ ಕ್ಯಾಮೆರಾದಲ್ಲಿ ನೂರು ಚಿತ್ರಗಳ ಸುರುಳಿ ಇರುತ್ತಿತ್ತು. ಮುಗಿದಾಗ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಬೇಕಿತ್ತು. 1900ರಲ್ಲಿ ಬಂದ ಬ್ರೌನಿಯ ಬೆಲೆ ಒಂದೇ ಡಾಲರು. ತಾಯಂದಿರನ್ನೂ ಮಕ್ಕಳನ್ನೂ ಕಣ್ಣಮುಂದೆ ಇಟ್ಟುಕೊಂಡೇ ಕಂಪನಿ ಜಾಹೀರಾತು ಬರೆಸಿತು. ನಮ್ಮಲ್ಲಿ ಅಂಥದೇ ಜಾಗ ಹಿಡಿದದ್ದು ಆಗ್ಫಾ ಕ್ಲಿಕ್ 3. ಒಂದು ರೀಲಿಗೆ ಹನ್ನೆರಡು ಚೌಕ ಚಿತ್ರ. ಯುಗಾದಿಗೆ ಹಾಕಿದ ರೀಲು ದೀಪಾವಳಿವರೆಗೂ ಬಾಳಬೇಕು. ಮಗುವಿನ ನಾಮಕರಣ, ಅಜ್ಜಿಯ ಊರಿನ ಜಾತ್ರೆ, ಹೊಸ ಸೈಕಲ್ಲು, ಎಲ್ಲವೂ ಒಂದೇ ನೆಗೆಟಿವ್‌ನಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಕೊನೆಯ ಎರಡು ಫೋಟೊ ಉಳಿದಿವೆ ಎಂದು ಎಲ್ಲರನ್ನೂ ಹಿತ್ತಿಲಲ್ಲಿ ನಿಲ್ಲಿಸಿ ರೀಲು ಮುಗಿಸಿ, ಸ್ಟುಡಿಯೊಕ್ಕೆ ತೊಳೆಸಲು ಕೊಟ್ಟ ನೆನಪು ಐವತ್ತು ದಾಟಿದ ಬಹಳ ಮಂದಿಗೆ ಇದ್ದೀತು.

ಈಗ ಬೇರೆಯದೇ ತೊಂದರೆ. ಫೋನಿನೊಳಗೆ ಹನ್ನೆರಡಲ್ಲ, ಹನ್ನೆರಡು ಸಾವಿರ ಚಿತ್ರಗಳಿವೆ. ನೋಡುವವರಿಲ್ಲ. ಹಾಗಾಗಿ ಇದನ್ನು ಕಲೆಯಾಗಿ ಹಿಡಿಯಬೇಕೆನ್ನುವ ಅಪ್ಪನೋ ಅಮ್ಮನೋ ಮೊದಲು ಕಲಿಯಬೇಕಾದದ್ದು ಬೆಳಕನ್ನು ಓದುವುದು. ಕ್ಯಾಮೆರಾ ಕೊಳ್ಳುವ ಮಾತು ಆಮೇಲೆ. ಒಂದು ರಜಾದಿನ ಬೆಳಿಗ್ಗೆಯಿಂದ ಸಂಜೆವರೆಗೆ ಮನೆಯ ಯಾವ ಕಿಟಕಿಯಲ್ಲಿ ಯಾವ ಹೊತ್ತಿಗೆ ಎಂಥ ಬೆಳಕು ಬರುತ್ತದೆಂದು ಗಮನಿಸಿದರೆ ಅರ್ಧ ವಿದ್ಯೆ ಬಂದಂತೆ. ಪೂರ್ವದ್ದು ಬೆಳಿಗ್ಗೆ ಚುರುಕು, ಪಶ್ಚಿಮದ್ದು ಸಂಜೆ ಹಳದಿ. ಉತ್ತರದ ಕಿಟಕಿಗೆ ನಮ್ಮ ಕಡೆ ಬೇಸಿಗೆ ಬಿಟ್ಟರೆ ನೇರ ಬಿಸಿಲು ಬೀಳುವುದಿಲ್ಲ. ಅಲ್ಲಿ ದಿನವಿಡೀ ಮೆದುವಾದ ಬೆಳಕು. ಹಳೆಯ ಕಾಲದ ಚಿತ್ರಕಾರರು ಉತ್ತರದ ಕಿಟಕಿಗೆ ಆಸೆಪಡುತ್ತಿದ್ದುದು ಇದೇ ಕಾರಣಕ್ಕೆ. ಮಲೆನಾಡು ಕರಾವಳಿಯ ಹೆಂಚಿನ ಮನೆಗಳಲ್ಲಿ ಮಾಡಿಗೆ ಕೂರಿಸಿದ ಒಂದೇ ಒಂದು ಗಾಜಿನ ಹೆಂಚು ಕತ್ತಲ ಕೋಣೆಯ ನಡುವೆ ಬೆಳಕಿನ ಕಂಬ ನಿಲ್ಲಿಸುತ್ತದೆ. ತೊಟ್ಟಿಮನೆಯ ಪಡಸಾಲೆಯಲ್ಲಿ ಕೂತವರ ಮುಖಕ್ಕೆ ತೊಟ್ಟಿಯ ಕಡೆಯಿಂದ ಬೀಳುವ ಬೆಳಕನ್ನು ಯಾವ ಸ್ಟುಡಿಯೊದವರೂ ಅಷ್ಟು ಚೆನ್ನಾಗಿ ಕೊಡಲಾರರು. ಮಗುವನ್ನು ಕಿಟಕಿಯ ಪಕ್ಕಕ್ಕೆ, ಒಂದು ಮಾರು ದೂರದೊಳಗೆ, ಆಟಕ್ಕೆ ಕೂರಿಸಿದರಾಯಿತು. ಕಿಟಕಿಯಿಂದ ಸರಿದಷ್ಟೂ ಬೆಳಕು ಬೇಗ ಕುಗ್ಗುವುದರಿಂದ ಹಿಂದಿನ ಒಗೆದ ಬಟ್ಟೆಯ ರಾಶಿ, ಹರಡಿದ ಆಟಿಕೆ ತಾವಾಗಿಯೇ ಕತ್ತಲಿಗೆ ಸೇರುತ್ತವೆ.

ಟ್ಯೂಬ್‌ಲೈಟನ್ನು ಆರಿಸುವುದು ಒಳ್ಳೆಯದು. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಚೋಕ್ ಇರುವ ಹಳೆಯ ಟ್ಯೂಬು, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ ನೂರು ಸಲ ಕಣ್ಣಿಗೆ ಕಾಣದಂತೆ ಮಿನುಗುತ್ತಿರುತ್ತವೆ. ಕ್ಯಾಮೆರಾದ ಶಟರು 1/100 ಸೆಕೆಂಡಿಗಿಂತ ವೇಗವಾಗಿದ್ದರೆ ಆ ಮಿನುಗು ಚಿತ್ರದಲ್ಲಿ ಕಪ್ಪು ಪಟ್ಟೆಗಳಾಗಿ ಮೂಡುತ್ತದೆ. ಹಗಲಿನ ಬೆಳಕಿಗೆ ಟ್ಯೂಬಿನ ಬೆಳಕು ಬೆರೆತರೆ ಮುಖದ ಒಂದು ಪಕ್ಕ ಹಸಿರಾಗುವುದೂ ಉಂಟು.

ಇನ್ನು ಓಡುವ ಮಗು. ಸುಮ್ಮನೆ ಕೂತು ಚಿತ್ರ ಬರೆಯುವವಳಿಗೆ 1/125 ಸೆಕೆಂಡು ಸಾಕು. ಅಂಗಳದಲ್ಲಿ ಕುಂಟೆಬಿಲ್ಲೆ ಆಡುವವಳಿಗೆ 1/500 ಬೇಕು. ಫೋನುಗಳು ಮಂದ ಬೆಳಕಿನಲ್ಲಿ ಶಟರನ್ನು ನಿಧಾನ ಮಾಡಿಕೊಳ್ಳುತ್ತವೆ. ಹಾಲ್‌ನೊಳಗೆ ತೆಗೆದ ಮಕ್ಕಳ ಫೋಟೊ ಕಲಸಿಹೋಗುವುದಕ್ಕೆ ಇದೇ ಕಾರಣ. ಕ್ಯಾಮೆರಾ ಇದ್ದವರು ಶಟರಿನ ವೇಗವನ್ನು ತಾವೇ ಗೊತ್ತುಮಾಡಿ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಅಳತೆಯಾದ ಐಎಸ್‌ಒ ಏರಲು ಬಿಡುವುದು ಒಳ್ಳೆಯದು. ಚಿತ್ರದಲ್ಲಿ ಸ್ವಲ್ಪ ರವೆಯಂಥ ಕಾಳು ಕಂಡರೂ ನಗು ಉಳಿಯುತ್ತದೆ. ಲೆನ್ಸ್ ಕೊಳ್ಳುವುದಿದ್ದರೆ 50 ಎಂಎಂ, ಎಫ್ 1.8 (ಎಫ್ ಎಂದರೆ ಲೆನ್ಸಿನ ಕಿಂಡಿಯ ಅಳತೆ). ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಮಾಡುವ, ಸೆಕೆಂಡ್ ಹ್ಯಾಂಡ್ ಸುಲಭವಾಗಿ ಸಿಗುವ, ಇದ್ದುದರಲ್ಲಿ ಅಗ್ಗದ ಲೆನ್ಸ್ ಅದು. ಕಿಟಕಿಯ ಬೆಳಕಿಗೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಆದರೆ 1.8ರಲ್ಲಿ ಹತ್ತಿರದಿಂದ ತೆಗೆದರೆ ಕಣ್ಣು ನಿಚ್ಚಳವಾಗಿ ಕಿವಿ ಮಸುಕಾಗುತ್ತದೆ. ಅಣ್ಣ ತಂಗಿ ಇಬ್ಬರೂ ಸ್ಪಷ್ಟವಾಗಿ ಬರಬೇಕಾದರೆ 4ಕ್ಕೆ ಏರಿಸಬೇಕು.

ಫೋನೇ ಸಾಕೆನ್ನುವವರಿಗೆ ಎರಡು ಮಾತು. ಅದರ ಮುಖ್ಯ ಲೆನ್ಸ್ ಅಗಲ ನೋಟದ್ದು. ಮುಖದ ತೀರ ಹತ್ತಿರ ಹಿಡಿದರೆ ಮೂಗು ಉಬ್ಬಿ ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ಎರಡು ಹೆಜ್ಜೆ ಹಿಂದೆ ನಿಂತು 2ಎಕ್ಸ್ ಒತ್ತಿದರೆ ಮಗು ಮಗುವಿನಂತೆಯೇ ಬರುತ್ತದೆ. ಮತ್ತೆ, ಒಗ್ಗರಣೆ ಹಾಕಿದ ಕೈಯಲ್ಲಿ ಹಿಡಿದ ಫೋನಿನ ಲೆನ್ಸ್ ಮೇಲೆ ಎಣ್ಣೆಯ ಪಸೆ ಇದ್ದೇ ಇರುತ್ತದೆ. ಮೆತ್ತನೆ ಹತ್ತಿಬಟ್ಟೆಯಲ್ಲಿ ಒರೆಸಿಕೊಂಡರೆ ಚಿತ್ರದ ಮಂಕು ಹೋಗುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ನೆಲಕ್ಕೆ ಕೂರುವುದು. ನಿಂತು ತೆಗೆದ ಚಿತ್ರದಲ್ಲಿ ಮಗುವಿನ ನೆತ್ತಿ ಕಾಣುತ್ತದೆ, ಕೂತು ತೆಗೆದದ್ದರಲ್ಲಿ ಮಗುವಿನ ಲೋಕ ಕಾಣುತ್ತದೆ: ಮಂಚದ ಕಾಲು, ಅಜ್ಜನ ಊರುಗೋಲಿನ ತುದಿ, ಬೆಕ್ಕಿನ ಮುಖ. ‘ಇಲ್ನೋಡು, ನಗು’ ಎನ್ನುವುದನ್ನು ಬಿಟ್ಟರೆ ಇನ್ನೂ ಒಳ್ಳೆಯದು. ಹಲ್ಲು ಬಿದ್ದ ಜಾಗವನ್ನು ನಾಲಗೆಯಲ್ಲಿ ಮುಟ್ಟಿ ನೋಡಿಕೊಳ್ಳುತ್ತಿರುವ ಹುಡುಗ, ಅಕ್ಕನ ಹೆಗಲ ಮೇಲೆ ನಿದ್ದೆಹೋದ ತಂಗಿ, ಹೋಮ್‌ವರ್ಕಿನ ಮುಂದೆ ಕೂತು ಪೆನ್ಸಿಲ್ ಕಚ್ಚುವವನು. ಹೇಳಿ ಮಾಡಿಸಿದರೆ ಇವು ಸಿಗುವಂಥವಲ್ಲ. ಅವಸರದ ತಾಯಿತಂದೆಯರಿಗೆ ಇರುವ ದೊಡ್ಡ ಅನುಕೂಲವೂ ಇದೇ. ಕಾಡಿಗೆ ಹೋದವನು ಹಕ್ಕಿ ಬರಲೆಂದು ಕಾಯಬೇಕು. ಇವರ ಎದುರು ಅದು ದಿನವೂ ಬಂದು ಕೂರುತ್ತದೆ. ಇಂದು ತಪ್ಪಿದ ಚಿತ್ರಕ್ಕೆ ನಾಳೆ ಬೆಳಿಗ್ಗೆ ಏಳೂಕಾಲಕ್ಕೆ ಅದೇ ಕಿಟಕಿಯಲ್ಲಿ ಮತ್ತೊಂದು ಅವಕಾಶವಿರುತ್ತದೆ.

ಬೇರೆ ಕೆಲಸದ ನಡುವೆಯೇ ಕ್ಯಾಮೆರಾ ಹಿಡಿದವರು ನಮ್ಮ ನಾಡಿನಲ್ಲೂ ಇದ್ದರು. ಮೂಡಿಗೆರೆಯ ಕಾಫಿ ತೋಟದಲ್ಲಿದ್ದುಕೊಂಡು, ಬರವಣಿಗೆಯ ಜೊತೆಗೆ, ಪೂರ್ಣಚಂದ್ರ ತೇಜಸ್ವಿಯವರು ತೆಗೆದ ಹಕ್ಕಿಗಳ ಚಿತ್ರಗಳು ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಮಂತ್ರಿಯಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಬಜೆಟ್ಟಿನ ಕಡತಗಳ ಆಚೆಗೆ ಕಪ್ಪುಬಿಳುಪಿನಲ್ಲಿ ಕಾಡುಪ್ರಾಣಿಗಳನ್ನು ಹಿಡಿದು ಹೆಸರಾದವರು. ಜೊತೆಗಾರರು ಬೇಕೆನ್ನುವವರಿಗೆ ಬೆಂಗಳೂರಿನಲ್ಲಿ 1971ರಲ್ಲಿ ಶುರುವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಇದೆ. ಇಂಥ ಸಂಘಗಳಲ್ಲಿ ಸಿಗುವ ದೊಡ್ಡ ಲಾಭ ಬಹುಮಾನವಲ್ಲ. ತನ್ನ ಮಗುವಲ್ಲದ ಮಗುವಿನ ಚಿತ್ರವನ್ನು ನೋಡಿ, ಇದರಲ್ಲಿ ಬೆಳಕಿದೆ ಆದರೆ ಮಗು ಇಲ್ಲ ಎಂದು ನೇರವಾಗಿ ಹೇಳಬಲ್ಲ ಹಿರಿಯರು ಅಲ್ಲಿ ಸಿಗುತ್ತಾರೆ. ಮನೆಯವರಿಂದ ಆ ಮಾತು ಬರುವುದಿಲ್ಲ.

ಈ ಹವ್ಯಾಸದ ಒಂದು ನಷ್ಟವನ್ನೂ ಹೇಳಬೇಕು. ಫೋಟೊ ತೆಗೆಯುವವರು ಫೋಟೊದಲ್ಲಿ ಇರುವುದಿಲ್ಲ. ಹತ್ತು ವರ್ಷದ ಆಲ್ಬಂ ತಿರುಗಿಸಿದರೆ ಅಮ್ಮ ಎಲ್ಲೂ ಇಲ್ಲದ ಮನೆಗಳಿವೆ. ಇದಕ್ಕೆ ಮದ್ದು ಕಂಡುಕೊಂಡವರು ಉಮ್ರಾವ್ ಸಿಂಗ್ ಶೇರ್‌ಗಿಲ್, ಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ. ಸಂಸ್ಕೃತ, ಪಾರ್ಸಿ ಬಲ್ಲ ವಿದ್ವಾಂಸ. ಬುಡಾಪೆಸ್ಟ್, ಶಿಮ್ಲಾ, ಪ್ಯಾರಿಸ್ ಎಂದು ಸಂಸಾರ ಊರೂರು ಬದಲಿಸಿದಂತೆಲ್ಲ ಅವರ ಕ್ಯಾಮೆರಾ ಜೊತೆಗೇ ಹೋಯಿತು. ಹೆಂಡತಿ, ಹೆಣ್ಣುಮಕ್ಕಳಾದ ಅಮೃತಾ ಮತ್ತು ಇಂದಿರಾ ಬೆಳೆದ ಬಗೆ ಅದರಲ್ಲಿ ವರ್ಷವರ್ಷವೂ ದಾಖಲಾಯಿತು. ಜೊತೆಗೆ ತಮ್ಮನ್ನೂ ಬಿಡದೆ ತೆಗೆದುಕೊಂಡರು: ಯುವಕನಾಗಿ, ಪುಸ್ತಕದ ರಾಶಿಯ ನಡುವಿನ ಓದುಗನಾಗಿ, ಉಪವಾಸದಿಂದ ಬಡಕಲಾದ ಮುದುಕನಾಗಿ. 2001ರಲ್ಲಿ ಇಂದಿರಾರ ಮಗ, ಕಲಾವಿದ ವಿವಾನ್ ಸುಂದರಂ, ಅಜ್ಜ ತೆಗೆದ ಆ ಚಿತ್ರಗಳನ್ನೇ ಒಂದರೊಳಗೊಂದು ಬೆಸೆದು ಹೊಸ ಕಲಾಕೃತಿಗಳ ಸರಣಿ ಮಾಡಿದರು. ತಾತನ ಹವ್ಯಾಸ ಮೊಮ್ಮಗನ ಕೈಯಲ್ಲಿ ಬಣ್ಣದ ಪೆಟ್ಟಿಗೆಯಾಯಿತು. ಈಗ ಫೋನಿಗೂ ಟೈಮರ್ ಇದೆ. ಅಕ್ಕಿಡಬ್ಬಕ್ಕೆ ಒರಗಿಸಿ ಹತ್ತು ಸೆಕೆಂಡು ಕೊಟ್ಟರೆ ಅಮ್ಮನೂ ಚಿತ್ರದೊಳಗೆ ಬಂದು ಕೂರಬಹುದು.

ತೆಗೆದದ್ದನ್ನು ಎಲ್ಲಿಡಬೇಕು ಎಂಬುದೂ ಈ ಕಲೆಯ ಭಾಗವೇ. ಮಕ್ಕಳ ಚಿತ್ರಗಳನ್ನು ಲೋಕಕ್ಕೆಲ್ಲ ಹಂಚುವ ಮೊದಲು, ಅದರಲ್ಲೂ ಸ್ನಾನದ, ಅಳುವ, ಕಾಯಿಲೆಯ ಚಿತ್ರಗಳನ್ನು, ಹತ್ತು ವರ್ಷದ ಬಳಿಕ ಅದೇ ಮಗು ನೋಡಿದರೆ ಏನನ್ನೀತೆಂದು ಯೋಚಿಸುವುದು ಹೆತ್ತವರ ಹೊಣೆ. ಮಾತು ಬರುವ ವಯಸ್ಸಾದರೆ ಕೇಳಿಯೇ ಹಾಕಬೇಕು. ಬೇಡ ಎಂದರೆ ಬೇಡ.

ಪ್ರಿಂಟಿನ ವಿಷಯದಲ್ಲಿ ಸಂಕೋಚ ಬೇಡ. ತಿಂಗಳ ಕೊನೆಯ ಭಾನುವಾರ ಮಕ್ಕಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಐದೇ ಐದು ಆರಿಸಿ, 4×6 ಅಳತೆಯಲ್ಲಿ ಹಾಕಿಸಿದರೆ ವರ್ಷಕ್ಕೆ ಅರವತ್ತು. ಒಂದು ಆಲ್ಬಮ್ಮಿಗೆ ಹಿತವಾದ ಲೆಕ್ಕ. ಅಂಟು ಬಳಿದ ಹಾಳೆಗೆ ಪ್ಲಾಸ್ಟಿಕ್ ಮುಚ್ಚಿದ ಹಳೆಯ ಬಗೆಯ ಆಲ್ಬಂ ಬೇಡ. ಕಾಲ ಕಳೆದಂತೆ ಆ ಅಂಟು ಹಳದಿಯಾಗಿ ಫೋಟೊವನ್ನೇ ತಿನ್ನುತ್ತದೆ. ಮೂಲೆಗೆ ಸಿಕ್ಕಿಸುವ ಕಾಗದದ ಹಿಡಿಕೆಗಳು ಕ್ಷೇಮ. ಇಂದಿನ ಪ್ಲಾಸ್ಟಿಕ್ ಲೇಪದ ಕಾಗದದ ಬೆನ್ನಿಗೆ ಪೆನ್ಸಿಲ್ ಹತ್ತುವುದಿಲ್ಲ, ಪೆನ್ನಿನ ಶಾಯಿ ಮುಂದಿನ ಚಿತ್ರಕ್ಕೆ ಅಂಟುತ್ತದೆ. ಹಾಗಾಗಿ ಆಲ್ಬಮ್ಮಿನ ಹಾಳೆಯ ಮೇಲೇ ಬರೆದಿಡುವುದು ವಾಸಿ: ಯಾರು, ಎಲ್ಲಿ, ಯಾವ ತಿಂಗಳು. ಬರೆಯುವ ಕೆಲಸವನ್ನು ಹೊಸದಾಗಿ ಅಕ್ಷರ ಕಲಿತ ಮಗುವಿಗೆ ವಹಿಸಿದರೆ ಚಿತ್ರದ ಕೆಳಗೆ ಅವಳ ಮೊದಲ ವರ್ಷದ ಸೊಟ್ಟ ಕೈಬರಹವೂ ಉಳಿಯುತ್ತದೆ. ‘ಜಡೆ. ಅಮ್ಮ ಎಳೆದಳು. ನೋವಾಯ್ತು.’